ಟೈಲರ್ ಅಂಗಡಿಯಲ್ಲಿ ಬೋಟಿನ ಪಂಪು

ಗುರುವಾರ ಬೆಳಿಗ್ಗೆ ಅಕ್ಕನ ಬೋಟು ಕೂಗಿತು, ಆದರೆ ಹೋಗಲಿಲ್ಲ. ಇಂಜಿನ್ ಊರು ಒಂದಾಗುವಂತೆ ಅರಚುತ್ತಿತ್ತು, ಹಿಂದೆ ನೀರು ಬುಳುಬುಳು ಎನ್ನುತ್ತಿತ್ತು, ಬೋಟು ಮಾತ್ರ ದಡ ಬಿಡಲು ಮನಸ್ಸಿಲ್ಲದ ನೆಂಟರ ಹಾಗೆ ಅಲ್ಲೇ ತೂಗಾಡುತ್ತಿತ್ತು. ಅಕ್ಕ ಇಂಜಿನ್ ಆರಿಸಿ ಹಣೆ ಚಚ್ಚಿಕೊಂಡಳು.

ಅದು ಹದಿನಾಲ್ಕು ಸೀಟಿನ ಜೆಟ್ ಬೋಟು. ನದಿಯ ಮೇಲ್ಭಾಗದ ಮೂರು ಊರುಗಳಿಗೆ ರಸ್ತೆ ಇಲ್ಲ. ನದಿಯೋ, ಮೊಣಕಾಲುದ್ದ ನೀರು, ಅಡಿಯಲ್ಲೆಲ್ಲ ಕಲ್ಲು. ಮಾಮೂಲಿ ಬೋಟಿನ ಫ್ಯಾನು ಅಲ್ಲಿ ಎರಡು ದಿನ ಬಾಳುವುದಿಲ್ಲ. ಜೆಟ್ ಬೋಟಿಗೆ ಹೊರಗೆ ಫ್ಯಾನಿಲ್ಲ. ಒಳಗೊಂದು ಪಂಪಿದೆ. ಅದರ ರೆಕ್ಕೆಚಕ್ರ ಬೋಟಿನ ಹೊಟ್ಟೆಯಡಿಯಿಂದ ನೀರು ಹೀರಿ ಹಿಂದಕ್ಕೆ ರಭಸದಿಂದ ಎಸೆಯುತ್ತದೆ, ಬೋಟು ಮುಂದಕ್ಕೆ ಹಾರುತ್ತದೆ. ಹನ್ನೆರಡು ವರ್ಷದಿಂದ ಅಕ್ಕ ಇದನ್ನೇ ಓಡಿಸಿಕೊಂಡು, ಆ ಮೂರು ಊರಿನ ಕಾಗದ, ಔಷಧಿ, ಬಸುರಿ ಬಾಣಂತಿ, ಕೋಳಿ ಬುಟ್ಟಿ ಎಲ್ಲವನ್ನೂ ಸಾಗಿಸಿದವಳು. ಯಾವ ಕಲ್ಲು ಎಲ್ಲಿದೆ ಎನ್ನುವುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಆ ಕಡೆಯ ಮಕ್ಕಳು ಅವಳನ್ನು ಬೋಟಕ್ಕ ಎನ್ನುತ್ತವೆ, ಅವರ ಅಜ್ಜಿಯರೂ ಬೋಟಕ್ಕ ಎಂದೇ ಎನ್ನುತ್ತಾರೆ.

ಪಂಪು ಕೈ ಕೊಟ್ಟ ಗಳಿಗೆಯಾದರೂ ಎಂಥದು! ಸೋಮವಾರ ಹತ್ತು ಗಂಟೆಗೆ ಕಚೇರಿಯಿಂದ ಇನ್‌ಸ್ಪೆಕ್ಟರ್ ಬರುವವರಿದ್ದರು. ಮೂರು ವರ್ಷಕ್ಕೊಮ್ಮೆ ಬರುವ ತಪಾಸಣೆ. ಬೋಟು ಪಾಸಾದರೆ ಇನ್ನು ಮೂರು ವರ್ಷ ಆ ದಾರಿ ಅಕ್ಕನದು. ಇಲ್ಲದಿದ್ದರೆ ಪಟ್ಟಿಯಲ್ಲಿ ಅವಳ ಹಿಂದೆ ಕಾದು ನಿಂತವರದು. ಆ ದಾರಿ ಹೋದರೆ ತನ್ನ ಬದುಕಿನಲ್ಲಿ ಬೆಳಿಗ್ಗೆ ಎದ್ದು ಏನು ಮಾಡಬೇಕೆನ್ನುವುದೇ ಅಕ್ಕನಿಗೆ ಗೊತ್ತಿರಲಿಲ್ಲ.

ಪಂಪು ರಿಪೇರಿಗೆ ಊರಿನಲ್ಲಿದ್ದವನು ಒಬ್ಬನೇ. ಅವನಿಗೆ 'ನೋಡೋಣ ಮೇಸ್ತ್ರಿ' ಎಂದೇ ಹೆಸರು. ಕೆಲಸಗಾರನೇನೋ ಅಪ್ಪಟ, ಅವನ ಕೈ ದಾಟಿ ಬಂದ ಪಂಪು ವರ್ಷಗಟ್ಟಲೆ ಕೆಮ್ಮಿದ್ದಿಲ್ಲ. ಆದರೆ ಯಾವಾಗ ಕೊಡುತ್ತೀಯ ಎಂದು ಕೇಳಿದರೆ ಅವನ ಬಾಯಿಂದ ಬರುವುದು ಒಂದೇ ಮಾತು. ಅಕ್ಕ ಹೋದಾಗ ಅವನ ವರ್ಕ್‌ಶಾಪಿನ ಬಾಗಿಲಲ್ಲಿ ಆರು ಪಂಪುಗಳು ಸಾಲಾಗಿ ಕೂತಿದ್ದವು.

"ಸೋಮವಾರದೊಳಗೆ ಆಗುತ್ತಾ?" ಅಕ್ಕ ಕೇಳಿದಳು.

"ನೋಡೋಣ."

"ನೋಡೋಣ ಅಂದ್ರೆ ಆಗುತ್ತೆ ಅಂತಲೋ ಆಗಲ್ಲ ಅಂತಲೋ?"

ಮೇಸ್ತ್ರಿ ಆರು ಪಂಪುಗಳ ಕಡೆ ನೋಡಿದ, ಆಕಾಶ ನೋಡಿದ, ಗಡ್ಡ ಕೆರೆದ. "ಬುಧವಾರ... ಇಲ್ಲಾಂದ್ರೆ ಗುರುವಾರ... ನೋಡೋಣ."

ಅದೇ ಹೊತ್ತಿಗೆ ಅಲ್ಲಿಗೆ ಬಂದವಳು ಅಕ್ಕನ ತಂಗಿ. ಅವಳು ಟೈಲರ್, ಮೇಸ್ತ್ರಿಯ ಹರಿದ ಪ್ಯಾಂಟು ಹೊಲಿದು ತಂದುಕೊಡಲು ಬಂದಿದ್ದಳು. ಅಕ್ಕನಿಗಿಂತ ಎಂಟು ವರ್ಷ ಚಿಕ್ಕವಳು, ಆದರೆ ಅವಳಿಗೆ ಮೂವತ್ತೆಂಟಾಯಿತು ಎನ್ನುವುದನ್ನು ಅಕ್ಕ ಇನ್ನೂ ಒಪ್ಪಿಕೊಂಡಿರಲಿಲ್ಲ. ತಂಗಿ ಪ್ಯಾಂಟು ಕೊಟ್ಟವಳು ಹೋಗುವುದು ಬಿಟ್ಟು, ಮೇಸ್ತ್ರಿ ಬಿಚ್ಚಿಟ್ಟಿದ್ದ ಒಂದು ಪಂಪಿನೊಳಕ್ಕೆ ಕತ್ತು ಹಾಕಿ ನೋಡತೊಡಗಿದಳು.

"ಇಲ್ಲಿ ಏನು ಸವೆದಿರೋದು?" ಎಂದಳು.

ಮೇಸ್ತ್ರಿಗೆ ಪಾಠ ಹೇಳುವುದೆಂದರೆ ಇಷ್ಟ. ಚಕ್ರದ ಸುತ್ತ ಒಂದು ಉಕ್ಕಿನ ಬಳೆ ಇರುತ್ತದೆ. ಚಕ್ರಕ್ಕೂ ಬಳೆಗೂ ನಡುವೆ ಕೂದಲೆಳೆಯಷ್ಟೇ ಸಂದು ಇರಬೇಕು. ಮರಳು ತಿಂದು ತಿಂದು ಸಂದು ಹಿಗ್ಗಿದರೆ ನೀರು ಹಿಂದಕ್ಕೆ ಸೋರಿ, ಇಂಜಿನ್ ಬರೀ ಅರಚುತ್ತದೆ. ಹೊಸ ಬಳೆ ಕೂರಿಸಬೇಕು, ಚಕ್ರದ ಅಂಚು ಹದ ಮಾಡಬೇಕು, ಚಕ್ರ ತಿರುಗಿಸುವ ದಂಡದ ಸುತ್ತ ಇರುವ ಎರಡು ರಬ್ಬರ್ ಸೀಲು ಬದಲಾಯಿಸಬೇಕು, ಅಷ್ಟೇ.

"ಓ, ನಮ್ಮ ಹೊಲಿಗೆ ಮಿಷನ್ನಿನ ಶಟಲ್ ಇದ್ದ ಹಾಗೇನೇ," ಎಂದಳು ತಂಗಿ. "ಸೂಜಿಗೂ ಅದಕ್ಕೂ ಕೂದಲೆಳೆ ಸಂದು. ಹೆಚ್ಚಾದ್ರೆ ಹೊಲಿಗೆ ತಪ್ಪುತ್ತೆ, ಕಮ್ಮಿಯಾದ್ರೆ ಸೂಜಿ ಮುರಿಯುತ್ತೆ. ವರ್ಷಕ್ಕೆರಡು ಸಲ ನಾನೇ ಬಿಚ್ಚಿ ಜೋಡಿಸ್ತೀನಿ. ಅಕ್ಕಾ, ನಾವೇ ಮಾಡೋಣ."

"ನಾವು ಅಂದ್ರೆ?"

"ನಾನು."

ಅಕ್ಕ ನಕ್ಕಳು. ತಂಗಿ ನಗಲಿಲ್ಲ. ಆಗ ಅಕ್ಕನ ನಗು ಅರ್ಧಕ್ಕೇ ನಿಂತಿತು.

ಈ ಜಗಳ ಮಧ್ಯಾಹ್ನದ ತನಕ ನಡೆಯಿತು. ನಡೆದದ್ದು ಅಕ್ಕನ ಗಂಡನ ಐಸ್‌ಕ್ರೀಮ್ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ. ಮೇಸ್ತ್ರಿಯ ಕೈಕಾಲು ಹಿಡಿದಾದರೂ ಬೇಗ ಮಾಡಿಸಬೇಕೆನ್ನುವುದು ಅಕ್ಕನ ವಾದ. ಆರು ಪಂಪಿನ ಹಿಂದೆ ಏಳನೆಯದಾಗಿ ನಿಂತರೆ ಸೋಮವಾರ ಹೇಗೂ ದಕ್ಕುವುದಿಲ್ಲ ಎನ್ನುವುದು ತಂಗಿಯ ವಾದ.

"ವರ್ಕ್‌ಶಾಪಿಗೆ ಕೊಟ್ಟು ಕೆಟ್ಟರೆ ಬೈಯೋಕೆ ಒಬ್ಬ ಮನುಷ್ಯ ಇರ್ತಾನೆ," ಎಂದಳು ಅಕ್ಕ. "ನೀನು ಕೆಡಿಸಿದ್ರೆ ನಾನು ಯಾರನ್ನ ಬೈಲಿ?"

"ನನ್ನನ್ನೇ ಬೈ. ಹೇಗೂ ರೂಢಿ ಇದೆಯಲ್ಲ."

ಭಾವ ಕಪ್ಪಿಗೆ ಐಸ್‌ಕ್ರೀಮ್ ಹಾಕುತ್ತಿದ್ದವನು ಕಿಸಕ್ಕನೆ ನಕ್ಕುಬಿಟ್ಟ. ಹೆಂಡತಿ ತಿರುಗಿ ನೋಡಿದ್ದೇ ನಗುವನ್ನು ನುಂಗಿ, "ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ," ಎಂದ. "ಮೇಸ್ತ್ರಿ ಹತ್ರ ಹೋದ್ರೆ ಸೋಮವಾರ ಆಗಲ್ಲ ಅನ್ನೋದು ಗ್ಯಾರಂಟಿ. ಇವಳ ಹತ್ರ ಆ ಗ್ಯಾರಂಟಿ ಇಲ್ಲ."

ಹೀಗೆ ಗತ್ಯಂತರವಿಲ್ಲದೆ ಅಕ್ಕ ಒಪ್ಪಿದಳು. ಒಪ್ಪಿದಳೆನ್ನುವುದಕ್ಕಿಂತ, ಮುಖ ಗಂಟಿಕ್ಕಿಕೊಂಡು ಬಾಯಿ ಮುಚ್ಚಿದಳು. ಮೇಸ್ತ್ರಿ ಬಳೆ, ಸೀಲು ಕೊಟ್ಟ. ತನ್ನ ಪುಸ್ತಕದ ಎರಡು ಪುಟಗಳನ್ನೂ ಜೆರಾಕ್ಸ್ ಮಾಡಿಕೊಟ್ಟ. ಕೊಡುವಾಗ ತಂಗಿಯ ಕಡೆ ನೋಡಿ, "ಆಗುತ್ತೇನಮ್ಮ?" ಎಂದ.

"ನೋಡೋಣ," ಎಂದಳು ತಂಗಿ.

ಶುಕ್ರವಾರ ಟೈಲರ್ ಅಂಗಡಿಯ ಕಟಿಂಗ್ ಮೇಜಿನ ಮೇಲೆ ಹಳೆಯ ಹೊದಿಕೆ ಹಾಸಿ ಪಂಪನ್ನು ಮಲಗಿಸಿದರು. ಮೇಲೆ ಹ್ಯಾಂಗರಿನಲ್ಲಿ ಕೋಟುಗಳು, ಕೆಳಗೆ ಗ್ರೀಸು ಬಳಿದುಕೊಂಡ ಕಬ್ಬಿಣ. ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು, ಇದು ಯಾರ ಅಳತೆ ಎಂದು ಕೇಳುತ್ತಿದ್ದರು. ತಂಗಿ ಬಿಚ್ಚಿದ ಪ್ರತಿ ಬೋಲ್ಟಿಗೂ ಬಣ್ಣದ ದಾರ ಕಟ್ಟಿದಳು: ಮುಂದಿನವಕ್ಕೆ ಕೆಂಪು, ಹಿಂದಿನವಕ್ಕೆ ನೀಲಿ. ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಟ್ಟಳು. ಸವೆದ ಬಳೆಯನ್ನು ಗರಗಸದ ಅಲಗಿನಿಂದ, ಹಳೆಯ ಹೊಲಿಗೆ ಬಿಚ್ಚುವಷ್ಟು ನಾಜೂಕಾಗಿ ಕೊಯ್ದು ತೆಗೆದಳು. ಅಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಹತ್ತು ನಿಮಿಷಕ್ಕೊಮ್ಮೆ "ನಿಧಾನ ಕಣೇ" ಎನ್ನುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸವಿರಲಿಲ್ಲ.

ಹೊಸ ಬಳೆ ಕೂರಿಸುವುದು ಮಜವಾದ ಕೆಲಸ. ಬಳೆ ತಣ್ಣಗಾದರೆ ಕುಗ್ಗುತ್ತದೆ, ಪಂಪಿನ ಹೊರಮೈ ಬಿಸಿಯಾದರೆ ಹಿಗ್ಗುತ್ತದೆ. ಆಗ ಮಾತ್ರ ಒಂದರೊಳಗೊಂದು ಇಳಿಯುತ್ತದೆ. ಶುಕ್ರವಾರ ಸಂಜೆ ಬಳೆ ಭಾವನ ಫ್ರೀಜರಿಗೆ ಹೋಯಿತು, ಸ್ಟ್ರಾಬೆರಿ ಮತ್ತು ಚಾಕೊಲೇಟ್ ಡಬ್ಬಗಳ ನಡುವೆ. ಶನಿವಾರ ಬೆಳಿಗ್ಗೆ ಭಾವನ ಹಾಲು ಕಾಯಿಸುವ ದೊಡ್ಡ ಪಾತ್ರೆಯಲ್ಲಿ ಪಂಪಿನ ಹೊರಮೈ ಕುದಿಯಿತು.

"ನನ್ನ ಅಂಗಡಿ ಮುಚ್ಚಿಸೋಕೆ ಅಕ್ಕತಂಗಿ ಒಂದಾಗಿದೀರ," ಎಂದು ಭಾವ ಗೋಳಾಡಿದ. "ಇನ್ನು ಮೇಲೆ ನನ್ನ ವೆನಿಲಾಗೆ ಗ್ರೀಸಿನ ವಾಸನೆ!"

"ಬೋರ್ಡ್ ಹಾಕಿ ಭಾವ, ಹೊಸ ಐಟಮ್ ಅಂತ," ಎಂದಳು ತಂಗಿ.

ಎರಡು ಕೈಗೂ ದಪ್ಪ ಬಟ್ಟೆ ಸುತ್ತಿಕೊಂಡು ಭಾವ ಪಂಪನ್ನು ಮೇಲೆತ್ತಿಟ್ಟ. ತಂಗಿ ಓಡಿಹೋಗಿ ಫ್ರೀಜರಿನಿಂದ ಬಳೆ ತಂದಳು. ಒಂದೇ ಉಸಿರು. ಬಳೆ ಟಕ್ಕೆಂದು ಒಳಕ್ಕೆ ಇಳಿದು, ತನ್ನ ಮನೆಗೆ ತಾನು ಬಂದಂತೆ ಕೂತುಬಿಟ್ಟಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಾರಣವಿಲ್ಲದೆ ಜೋರಾಗಿ ನಕ್ಕರು. ಅಕ್ಕ ಅಷ್ಟು ನಕ್ಕು ಎಷ್ಟೋ ದಿನವಾಗಿತ್ತು. ನಕ್ಕಮೇಲೆ, ಸಲಿಗೆ ಕೊಟ್ಟಂತಾಯಿತಲ್ಲ ಎಂದು ಮತ್ತೆ ಮುಖ ಬಿಗಿದುಕೊಂಡಳು.

ಚಕ್ರದ ಸಂದು ಅಳೆಯಲು ಮೇಸ್ತ್ರಿಯ ಹತ್ತಿರ ಉಕ್ಕಿನ ಪಟ್ಟಿಗಳಿವೆ. ತಂಗಿಯ ಹತ್ತಿರ ಇದ್ದದ್ದು ಬಟ್ಟೆಯ ನಕ್ಷೆ ತೆಗೆಯುವ ತೆಳು ಕಾಗದ. ಅದರ ದಪ್ಪ ಅವಳಿಗೆ ಬೆರಳಿನಲ್ಲೇ ಇತ್ತು. ಪುಸ್ತಕದಲ್ಲಿ ಹೇಳಿದ ಸಂದಿಗೆ ಎಷ್ಟು ಮಡಿಕೆ ಬೇಕೆಂದು ಲೆಕ್ಕ ಹಾಕಿ, ಅಷ್ಟು ಮಡಚಿ, ಚಕ್ರದ ಸುತ್ತ ಎಂಟು ಕಡೆ ತೂರಿಸಿ ನೋಡಿದಳು. ಎರಡು ಕಡೆ ಬಿಗಿ ಎನಿಸಿತು. ಮತ್ತೆ ಬಿಚ್ಚಿ, ಅಂಚನ್ನು ಅರದಿಂದ ಸವರಿ, ಮತ್ತೆ ಜೋಡಿಸಿದಳು. ಹೀಗೆ ನಾಲ್ಕು ಸಲ. ಅಕ್ಕ ಸಹನೆ ತಪ್ಪಿ ಐದು ಸಲ ಎದ್ದು ಕೂತಳು.

ಭಾನುವಾರ ಬೆಳಿಗ್ಗೆ ಉಳಿದದ್ದು ಎರಡು ಸೀಲು ಮಾತ್ರ. ಹೊರಗಿನ ನೀರು ದಂಡದ ಪಕ್ಕದಿಂದ ಬೋಟಿನೊಳಕ್ಕೆ ನುಗ್ಗದಂತೆ ತಡೆಯುವವು ಅವು. ತಂಗಿ ಅವಕ್ಕೆ ಬಟ್ಟೆಗೆ ಗೀಚುವ ಚಾಕ್ ಪೀಸಿನಿಂದ ಗುರುತು ಹಾಕಿ ಮೇಜಿನ ಮೇಲಿಟ್ಟಿದ್ದಳು. ಅಷ್ಟರಲ್ಲಿ ರೈಲಿಗೆ ಹೊರಟಿದ್ದ ಗಿರಾಕಿಯೊಬ್ಬರ ಕೋಟಿನ ಗುಂಡಿ ಕಿತ್ತುಬಂತು. ಅವರ ಮನೆಗೆ ಹೋಗಿ ಹೊಲಿದುಕೊಟ್ಟು ಬರಬೇಕಾಯಿತು.

"ಗುರುತು ಹಾಕಿಟ್ಟಿದೀನಿ, ಬಂದು ಕೂರಿಸ್ತೀನಿ," ಎಂದು ಹೋದಳು.

ಸುಮ್ಮನೆ ಕೂರುವ ಜಾಯಮಾನ ಅಕ್ಕನದಲ್ಲ. ಗಡಿಯಾರ ನೋಡಿದಳು, ಸೀಲು ನೋಡಿದಳು. ಗುರುತು ಹಾಕಿಯೇ ಇದೆ, ಕೂರಿಸಲು ಪಂಡಿತರು ಬೇಕೆ? ಗುರುತು ತನ್ನ ಕಡೆಗೆ ಬರುವಂತೆ ಎರಡನ್ನೂ ಒತ್ತಿ ಕೂರಿಸಿದಳು, ಮೇಲೆ ಧಾರಾಳವಾಗಿ ಗ್ರೀಸು ಬಳಿದಳು, ಮುಚ್ಚಳ ಹಾಕಿ ಬೋಲ್ಟು ಬಿಗಿದಳು. ತಂಗಿ ಬಂದಾಗ ಕೆಲಸ ಮುಗಿದಿತ್ತು.

"ಗುರುತು ನೋಡಿ ತಾನೇ ಹಾಕಿದ್ದು?"

"ನನಗೇನು ಕಣ್ಣಿಲ್ವಾ? ಗುರುತು ನೋಡೇ ಹಾಕಿದ್ದು."

ಮಧ್ಯಾಹ್ನ ಪಂಪನ್ನು ಅದರ ಜಾಗದಲ್ಲಿ ಕೂರಿಸಿ ಬೋಟನ್ನು ನೀರಿಗಿಳಿಸಿದರು. ಅಕ್ಕ ಚುಕ್ಕಾಣಿ ಹಿಡಿದಳು, ತಂಗಿ ಪಕ್ಕದಲ್ಲಿ, ಭಾವ ಹಿಂದಿನ ಸೀಟಿನಲ್ಲಿ ಪಂಪಿನ ಮೇಲೆ ಕಣ್ಣಿಟ್ಟು. ಇಂಜಿನ್ ಗುಟುರು ಹಾಕಿತು. ಬೋಟು ಒಮ್ಮೆ ಮೂಗು ಎತ್ತಿ, ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೊರಟಿತು. ಭಾವನ ಟೋಪಿ ಹಾರಿ ನೀರಿಗೆ ಬಿತ್ತು, ಯಾರೂ ಅದನ್ನು ಕೇಳಲಿಲ್ಲ. ಹೊಸದಾಗಿ ತಂದ ದಿನವೂ ಬೋಟು ಹೀಗೆ ಓಡಿರಲಿಲ್ಲ. ಅಕ್ಕ ಬಾಯಿ ಬಿಟ್ಟು "ಅಬ್ಬಬ್ಬಾ!" ಎಂದಳು. ತಂಗಿ ಹಿಗ್ಗಿ ಹೀರೇಕಾಯಿಯಾದಳು. ನದಿಯ ತಿರುವಿನ ತನಕ ಹೋಗಿ, ಬಂದು, ಮತ್ತೆ ಹೋದರು, ಬರೀ ಖುಷಿಗೆ.

ಎರಡನೆಯ ಸಲ ತಿರುಗಿಸುವಾಗ ಅಕ್ಕನ ಪಾದ ತಣ್ಣಗಾಯಿತು. ಬಗ್ಗಿ ನೋಡಿದಳು. ಕಾಲಡಿ ನೀರು ನಿಂತಿತ್ತು.

ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ಬೋಟಿನ ತಳ ಒಣಗಿದೆಯೇ ಎಂದು. ಒಂದು ಲೋಟ ನೀರಿದ್ದರೂ ಫೇಲು. ದಡಕ್ಕೆ ಬರುವಷ್ಟರಲ್ಲಿ ಅವಳ ಹೆದರಿಕೆಯೆಲ್ಲ ಸಿಟ್ಟಾಗಿತ್ತು, ಸಿಟ್ಟಿಗೆ ಎದುರಿಗಿದ್ದವಳು ತಂಗಿ.

"ಬಟ್ಟೆ ಹೊಲಿಯೋರಿಗೆ ಯಾಕೆ ಬೇಕಿತ್ತು ಈ ಉಸಾಬರಿ? ನನ್ನ ಹನ್ನೆರಡು ವರ್ಷ ನೀರಿಗೆ ಹಾಕಿದ್ಯಲ್ಲೇ!"

ತಂಗಿಯ ಮುಖ ಬಾಡಿದ್ದು ನೋಡಿ ಸಂಕಟಪಟ್ಟ ಭಾವ ಡಬ್ಬ ಹಿಡಿದು ನೀರು ಹೊರಹಾಕತೊಡಗಿದ.

ಮೇಸ್ತ್ರಿಯ ಮನೆ ವರ್ಕ್‌ಶಾಪಿನ ಹಿಂದೆಯೇ. ಭಾನುವಾರದ ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಅವನು ಬೇಸರಪಟ್ಟುಕೊಳ್ಳಲಿಲ್ಲ; ಟೈಲರ್ ಮಾಡಿದ ಪಂಪನ್ನು ನೋಡುವ ಕುತೂಹಲ ಅವನಿಗೂ ಇತ್ತು. ಬೋಟನ್ನು ದಡದ ಇಳಿಜಾರಿಗೆ ಎಳೆದಿಟ್ಟಿದ್ದರು. ಮೇಸ್ತ್ರಿ ಚೀಲದಿಂದ ಉಕ್ಕಿನ ಪಟ್ಟಿ ತೆಗೆದು ಚಕ್ರದ ಸುತ್ತ ತೂರಿಸಿದ. ಒಂದು ಕಡೆ, ಎರಡು ಕಡೆ, ಎಂಟೂ ಕಡೆ. ಹುಬ್ಬು ಮೇಲೇರಿತು.

"ಇದನ್ನ ಯಾವುದರಲ್ಲಿ ಅಳೆದ್ರಿ?"

"ನಕ್ಷೆ ಕಾಗದದಲ್ಲಿ," ಎಂದಳು ತಂಗಿ ಮೆಲ್ಲಗೆ.

"ನಾನು ಮಾಡಿದ್ರೂ ಇಷ್ಟೇ." ಸ್ವಲ್ಪ ತಡೆದು, "ಇಷ್ಟಾಗ್ತಿರಲಿಲ್ಲ," ಎಂದ. ಮೇಸ್ತ್ರಿಯ ಬಾಯಿಂದ ಅಂಥ ಮಾತು ಬಂದದ್ದನ್ನು ಆ ಊರಿನಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಆಮೇಲೆ ಮುಚ್ಚಳ ಬಿಚ್ಚಿ, ಗ್ರೀಸು ಒರೆಸಿ ನೋಡಿದ. "ಓಹೋ. ಸೀಲು ಎರಡೂ ತಿರುಗುಮುರುಗು. ಯಾರು ಹಾಕಿದ್ದು?"

ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ, "ನಾನೇ," ಎಂದಳು. ನೆಲ ನೋಡಿಕೊಂಡು, ತುಂಬ ಸಹಜವಾಗಿ, ಅಕ್ಕನ ಪಾಲಿನ ಬೈಗುಳ ತಾನು ತಿನ್ನುವುದು ದಿನನಿತ್ಯದ ವಿಷಯ ಎನ್ನುವಂತೆ.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೇಸ್ತ್ರಿಗೆ ಗೊತ್ತಾಗುತ್ತಿರಲಿಲ್ಲ, ಭಾವನಿಗೂ ಗೊತ್ತಾಗುತ್ತಿರಲಿಲ್ಲ. ಊರವರ ಎದುರು ಅಕ್ಕ ಅಕ್ಕನಾಗಿಯೇ ಉಳಿಯುತ್ತಿದ್ದಳು. ಆದರೆ ಆ ಒಂದು ಮಾತು ಅವಳ ಕರುಳಿಗೆ ಚುಚ್ಚಿತು. ನಾನು ಅಷ್ಟೆಲ್ಲ ಬೈದ ಮೇಲೂ ಇವಳು ನನ್ನನ್ನು ಕಾಯುತ್ತಿದ್ದಾಳಲ್ಲ! ಅಕ್ಕನಿಗೆ ನಾಚಿಕೆಯಾಯಿತು, ಸಣ್ಣಪುಟ್ಟ ನಾಚಿಕೆಯಲ್ಲ.

"ಅವಳಲ್ಲ, ನಾನು," ಎಂದಳು. "ಅವಳಿರಲಿಲ್ಲ. ನಾನೇ ಕೈ ಹಾಕಿದೆ. ಆದ್ರೆ ಗುರುತು ನೋಡೇ ಹಾಕಿದೆ ಕಣೇ, ಆಣೆ ಮಾಡಿ ಹೇಳ್ತೀನಿ. ಚಾಕ್ ಗುರುತು ಹೊರಗೆ ಬರೋ ಹಾಗೆ..."

"ಹೊರಗಾ?" ತಂಗಿ ಕಣ್ಣರಳಿಸಿದಳು. "ಚಾಕ್ ಯಾರಾದ್ರೂ ಹೊರಗೆ ಹಾಕ್ತಾರಾ? ಬಟ್ಟೆಯ ಒಳಮೈಗೆ ತಾನೇ ಹಾಕೋದು! ಚಾಕ್ ಇರೋ ಮಗ್ಗುಲು ಒಳಗೆ ಹೋಗ್ಬೇಕು."

"ನನಗೇನು ಗೊತ್ತು? ಗುರುತು ಹಾಕೋದು ಕಾಣಿಸಲಿ ಅಂತಲ್ವಾ?"

"ಇಪ್ಪತ್ತು ವರ್ಷದಿಂದ ನಾನು ಹೊಲಿದ ಬಟ್ಟೆ ಹಾಕ್ತಿದೀಯ, ಯಾವತ್ತಾದ್ರೂ ನಿನ್ನ ಮೈಮೇಲೆ ಚಾಕ್ ಕಂಡಿದೆಯಾ?"

ಮೊದಲು ನಕ್ಕವನು ಮೇಸ್ತ್ರಿ. ಅವನ ಹಿಂದೆ ಭಾವ. ಕೊನೆಗೆ ಅಕ್ಕತಂಗಿಯರಿಬ್ಬರೂ ಬೋಟಿನ ಅಂಚಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಕ್ಕನ ಕಣ್ಣಿನ ನೀರು ಬರೀ ನಗುವಿನದಾಗಿರಲಿಲ್ಲ. ತಂಗಿಯ ಗ್ರೀಸು ಮೆತ್ತಿದ ಕೈಯನ್ನು ತನ್ನ ಸೆರಗಿನಿಂದಲೇ ಒರೆಸಿದಳು.

ಮೇಸ್ತ್ರಿ ಚೀಲದಿಂದ ಹೊಸ ಸೀಲುಗಳನ್ನು ತೆಗೆದು ಅಕ್ಕನ ಕಡೆ ನೋಡಿದ. "ಅರ್ಧ ಗಂಟೆ ಕೆಲಸ. ನಾನೇ ಹಾಕಿಕೊಡ್ಲಾ?"

ಮೂರು ದಿನದ ಹಿಂದೆ ಈ ಮಾತಿಗೆ ಅಕ್ಕ ಅವನ ಕಾಲು ಹಿಡಿಯುತ್ತಿದ್ದಳು. ಈಗ ಸೀಲುಗಳನ್ನು ತೆಗೆದುಕೊಂಡು ತಂಗಿಯ ಅಂಗೈಯಲ್ಲಿಟ್ಟಳು. ತಾನು ನಾಲ್ಕು ಮಾರು ದೂರ ಹೋಗಿ, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತಳು. ಸೂರ್ಯ ಮುಳುಗುವ ಮುಂಚೆ ಬೋಟು ಮತ್ತೆ ನೀರಿಗಿಳಿಯಿತು. ತಿರುವಿನ ತನಕ ಐದು ಸಲ ಹೋಗಿಬಂದರೂ ತಳ ಒಣಗಿಯೇ ಇತ್ತು.

ಸೋಮವಾರ ಹತ್ತಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಮೇಡಂ ಬಂದರು. ನಗುವುದು ಅವರ ಸಂಬಳದಲ್ಲಿ ಸೇರಿರಲಿಲ್ಲವೆಂದು ಕಾಣುತ್ತದೆ. ಬೋಟಿನ ತಳಕ್ಕೆ ಟಾರ್ಚ್ ಬಿಟ್ಟರು, ಬೆರಳಿನಿಂದ ಸವರಿ ನೋಡಿದರು, ಹಗ್ಗ ಎಣಿಸಿದರು. ಆಮೇಲೆ ಮೇಲಿನ ಮೊದಲನೆಯ ಊರಿನ ತನಕ ಹೋಗಿಬಂದರು. ಬರುವಾಗ ಸೀಟಿನ ಕಂಬಿಯನ್ನು ಎರಡು ಕೈಯಿಂದಲೂ ಹಿಡಿದುಕೊಂಡಿದ್ದರು. ದಡಕ್ಕಿಳಿದು ಕೆದರಿದ ಕೂದಲು ಸರಿಮಾಡಿಕೊಂಡು ಫಾರಂ ತೆಗೆದರು.

"ಪಂಪು ಹೊಸದಾಗಿ ಕಟ್ಟಿಸಿದೀರ. ಮಾಡಿದ ಅಂಗಡಿಯ ಸೀಲ್ ಬೇಕು ಇಲ್ಲಿ."

ಅಕ್ಕ ಭಾವನ ಮುಖ ನೋಡಿದಳು. ಇದನ್ನು ಯಾರೂ ಯೋಚಿಸಿರಲಿಲ್ಲ. ತಂಗಿ ಮಾತ್ರ ತನ್ನ ಕೈಚೀಲದಲ್ಲಿ ಹುಡುಕಾಡಿ, ಬಿಲ್ಲಿಗೆ ಒತ್ತುವ ರಬ್ಬರ್ ಮುದ್ರೆ ತೆಗೆದು, ಬಾಯಿಂದ ಹಾ ಎಂದು ಉಸಿರು ಬಿಟ್ಟು, ಫಾರಮ್ಮಿನ ಮೇಲೆ ಒತ್ತಿಯೇಬಿಟ್ಟಳು.

ಮೇಡಂ ಕನ್ನಡಕ ಸರಿಮಾಡಿಕೊಂಡು ಓದಿದರು. "ಕೋಟು, ಪ್ಯಾಂಟು, ರವಿಕೆ. ಆಲ್ಟರೇಷನ್ ಮಾಡಿಕೊಡಲಾಗುವುದು." ತಲೆಯೆತ್ತಿ ತಂಗಿಯನ್ನು ನೋಡಿದರು. ಬೋಟನ್ನು ನೋಡಿದರು. "ಅಂಗಡಿಯ ಸೀಲ್ ಅಂತಿದೆ. ಯಾವ ಅಂಗಡಿ ಅಂತ ಇಲ್ಲ," ಎಂದು ತಮಗೆ ತಾವೇ ಹೇಳಿಕೊಂಡು, ಕೆಳಗೆ ಸಹಿ ಹಾಕಿದರು. ಸಹಿ ಹಾಕುವಾಗ ಅವರ ತುಟಿಯ ಒಂದು ಮೂಲೆ ಅಲುಗಿದ್ದನ್ನು ಭಾವ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ.

"ಇನ್ನೊಂದು ಕಾಲಂ ಇದೆ. ಮುಂದಿನ ಸರ್ವಿಸ್ ಎಲ್ಲಿ?"

"ಅದೇ ಅಂಗಡೀಲಿ. ಬರ್ಕೊಳ್ಳಿ," ಎಂದಳು ಅಕ್ಕ.

"ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ?" ಎಂದಳು ತಂಗಿ.

ಅಕ್ಕ ಅವಳ ಕಡೆ ತಿರುಗಿದಳು. ಅಮ್ಮ ಹೋದಾಗ ತಂಗಿಗೆ ಆರು ವರ್ಷ, ತನಗೆ ಹದಿನಾಲ್ಕು. ಅಂದಿನಿಂದ ತಲೆ ಬಾಚಿದ್ದು, ಶಾಲೆಗೆ ಅಟ್ಟಿದ್ದು, ಊಟಕ್ಕೆ ಕರೆದದ್ದು ಎಲ್ಲ ತಾನೇ. ಕೂರು ಎಂದಿದ್ದಳು, ಏಳು ಎಂದಿದ್ದಳು, ಬಾ, ಹೋಗು, ಸುಮ್ಮನಿರು ಎಂದಿದ್ದಳು. ಮೂವತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಅವಳ ಹತ್ತಿರ ಏನನ್ನೂ ಕೇಳಿದ್ದು ನೆನಪಿಲ್ಲ. ಹೇಗೆ ಕೇಳಬೇಕೆನ್ನುವುದೂ ಗೊತ್ತಾಗದೆ ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ಮಾಡ್ಕೊಡ್ತೀಯೇನೇ?" ಎಂದಳು ಕೊನೆಗೆ. ದನಿ ಅವಳದೇ ಅನ್ನಿಸಲಿಲ್ಲ.

ತಂಗಿ ಮುದ್ರೆಯನ್ನು ನಿಧಾನವಾಗಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡಳು. ಅಕ್ಕನ ಬಾಯಿಂದ ಬಂದ ಆ ಪ್ರಶ್ನೆಯನ್ನು ಇನ್ನೊಂದಿಷ್ಟು ಹೊತ್ತು ಕೇಳಿಸಿಕೊಳ್ಳುವ ಆಸೆಯಿತ್ತು ಅವಳಿಗೆ.

"ಮಾಡ್ಕೊಡ್ತೀನಿ," ಎಂದಳು. "ಆದ್ರೆ ಪಾಳೀಲಿ ಬರ್ಬೇಕು ಅಕ್ಕ. ನಿನಗಿಂತ ಮುಂಚೆ ಎರಡು ಕೋಟು ಇದೆ."

"ಬರ್ತೀನಿ," ಎಂದಳು ಅಕ್ಕ, ಮತ್ತು ಮೇಲಿನ ಊರಿಗೆ ಹೋಗಲು ಕಾದು ನಿಂತಿದ್ದವರನ್ನು ಹತ್ತಿಸಿಕೊಳ್ಳಲು ಹೋದಳು.